ಜೂನ್ ಒಂದರಂದು ಹುಟ್ಟಿದವಳು

ಅವಳ ಎಡಗೈಯ ಉಂಗುರ ಬೆರಳು ಉಳಿದ ಒಂಬತ್ತು ಬೆರಳುಗಳ ಜೊತೆಗೆ ಸೇರಿದ್ದಲ್ಲ ಅನ್ನಿಸುತ್ತಿತ್ತು. ಫಿನೈಲು, ಬ್ಲೀಚಿಂಗ್ ಪುಡಿ, ಬಕೆಟ್ಟಿನ ತಂತಿ ಹಿಡಿಕೆ ಎಲ್ಲ ಸೇರಿ ಉಳಿದವುಗಳ ತುದಿ ಒಡೆದು ಜಾಲಿ ತೊಗಟೆಯ ಹಾಗೆ ಆಗಿದ್ದವು. ಈ ಒಂದಕ್ಕೆ ಮಾತ್ರ ಅವಳು ದಿನಾ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಳು. ನೆಲ ಒರೆಸುವಾಗ, ವಾರ್ಡಿನ ಪಾತ್ರೆ ತೊಳೆಯುವಾಗ ಹಳೆಯ ಕೈಗವಸಿನಿಂದ ಕತ್ತರಿಸಿಕೊಂಡ ಒಂದೇ ಒಂದು ರಬ್ಬರ್ ಬೆರಳನ್ನು ಅದಕ್ಕೆ ತೊಡಿಸಿರುತ್ತಿದ್ದಳು. ಯಾಕೆ ಎಂದು ಕೇಳಿದರೆ, “ಇದು ನರ ಹುಡುಕೂ ಬೆರಳ ಅಣ್ಣಾ. ಉಳದಾವು ಕಸಾ ಹೊಡಿಯಾಕ” ಅನ್ನುತ್ತಿದ್ದಳು.

ಎಡಗೈಯೋ ಬಲಗೈಯೋ ಎಂದು ಇದನ್ನು ಬರೆಯುವಾಗ ಅನುಮಾನ ಬಂತು. ಅವಳಿರುವುದು ವಿಜಯಪುರದಲ್ಲೇ, ಅರ್ಧ ಗಂಟೆಯ ದಾರಿ. ಹೋಗಿ ನೋಡಿಬರಬಹುದು. ಹೋಗಿಲ್ಲ.

ಅವಳು ನನ್ನ ಕಾಕಾನ ಮಗಳು, ನನಗಿಂತ ಎರಡು ವರ್ಷಕ್ಕೆ ಚಿಕ್ಕವಳು. ಸರ್ಕಾರದ ಪ್ರಕಾರ ಮಾತ್ರ ನಾವಿಬ್ಬರೂ ಒಂದೇ ದಿನ, ಒಂದೇ ವರ್ಷ ಹುಟ್ಟಿದವರು. ಬಬಲೇಶ್ವರದಿಂದ ಒಳಗಿರುವ ನಮ್ಮ ಹಳ್ಳಿಯಲ್ಲಿ ಆಗ ಯಾರ ಮನೆಯಲ್ಲೂ ಹುಟ್ಟಿದ ತಾರೀಖು ಬರೆದಿಡುತ್ತಿರಲಿಲ್ಲ. ಶಾಲೆಗೆ ಹೆಸರು ಹಚ್ಚುವ ದಿನ ಮಾಸ್ತರರು ಮಗುವನ್ನು ಮೇಲಿಂದ ಕೆಳಗೆ ನೋಡಿ ಒಂದು ವರ್ಷ ಬರೆಯುತ್ತಿದ್ದರು. ದಿನ, ತಿಂಗಳು ಎಲ್ಲರಿಗೂ ಒಂದೇ, ಜೂನ್ ಒಂದು. ಶಾಲೆ ಶುರುವಾಗುವ ಹೊತ್ತಿಗೆ ವಯಸ್ಸು ತುಂಬಿದೆ ಎಂದು ತೋರಿಸಲು ಅದು ಅನುಕೂಲ. ಈಗ ನಾನು ಅತಿಥಿ ಉಪನ್ಯಾಸಕನಾಗಿ ಇತಿಹಾಸ ಹೇಳುವ ಕಾಲೇಜಿನಲ್ಲಿ, ಹಾಸನದ ಕಡೆಯಿಂದ ಬಂದ ಸಹೋದ್ಯೋಗಿಯೊಬ್ಬರು ವಿದ್ಯಾರ್ಥಿಗಳ ಪಟ್ಟಿ ನೋಡಿ, “ಏನ್ಸಾರ್, ನಿಮ್ಮ ಕಡೆ ಜೂನ್ ಒಂದಕ್ಕೆ ಮಾತ್ರ ಹೆರಿಗೆ ಆಗುತ್ತಾ?” ಎಂದು ಕೇಳಿದ್ದರು. ಪ್ರತಿ ಜೂನ್ ಒಂದರ ಬೆಳಿಗ್ಗೆ ನಮ್ಮ ಊರಿನ ಅರ್ಧ ಜನರ ಫೋನಿಗೆ ಬ್ಯಾಂಕಿನಿಂದ ಹುಟ್ಟುಹಬ್ಬದ ಶುಭಾಶಯ ಬರುತ್ತದೆ.

ನನ್ನನ್ನು ಶಾಲೆಗೆ ಹಚ್ಚಿದ ದಿನದ ಕಥೆಯನ್ನು ಅವ್ವ ನೂರು ಸಲ ಹೇಳಿದ್ದಾಳೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡು ಒಳಗೆ ಹೋಗಲು ಒಲ್ಲೆ ಅಂದೆನಂತೆ. ತಂಗಿ ಜೊತೆಗೆ ಕೂತರೆ ಮಾತ್ರ ಕೂರುತ್ತೇನೆ ಎಂದು ಅತ್ತೆನಂತೆ. ಅವ್ವನ ಕಂಕುಳಲ್ಲಿದ್ದ ಅವಳಿಗೆ ಆಗ ನಾಲ್ಕು ತುಂಬಿತ್ತೋ ಇಲ್ಲವೋ.

“ಈಕಿಗೆ ಎಷ್ಟ ಬೇ?” ಮಾಸ್ತರರು ಕೇಳಿದರಂತೆ.

“ಅವನಕಿಂತ ಸಣ್ಣಾಕಿರಿ.”

“ಸಣ್ಣಾಕಿ ಅಂತ ಬರಿಯಾಕ ಇದರಾಗ ಜಾಗಾ ಇಲ್ಲವಾ. ಇಬ್ಬರಿಗೂ ಕೂಡೇ ಹಾಕತೀನಿ. ನಿಮಗೂ ನೆನಪಿಡಾಕ ಸಸಾರ.”

ಹೀಗೆ ಅವಳಿಗೆ ಎರಡು ವರ್ಷ ಹೆಚ್ಚು ಬಂದವು. ಈ ಪ್ರಸಂಗದಲ್ಲಿ ನನಗೆ ನೆನಪಿರುವುದು ಏನೂ ಇಲ್ಲ. ಚೌಕಟ್ಟಿನ ಹಸಿರು ಬಣ್ಣ ನೆನಪಿದೆ ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಆ ಶಾಲೆಗೆ ಹಸಿರು ಬಣ್ಣ ಹೊಡೆದದ್ದು ನಾನು ಹೈಸ್ಕೂಲಿಗೆ ಹೋದ ಮೇಲೆ. ಕಾಕಿಯನ್ನು ಕೇಳಿದರೆ ಬೇರೆ ಕಥೆ ಹೇಳುತ್ತಾಳೆ. ನಾನು ಅತ್ತದ್ದೇ ಇಲ್ಲವಂತೆ. ಎಲ್ಲರೂ ಹೊಲಕ್ಕೆ ಹೋದರೆ ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರೂ ಇರುತ್ತಿರಲಿಲ್ಲ, ಅದಕ್ಕೇ ಶಾಲೆಯಲ್ಲಿ ಬಿಟ್ಟರಂತೆ. ಎರಡರಲ್ಲಿ ನನಗೆ ಅನುಕೂಲವಾದದ್ದು ಕಾಕಿಯ ಕಥೆ. ಆ ಕಾರಣಕ್ಕೇ ಅದನ್ನು ನಂಬಲು ಮನಸ್ಸು ಬರುವುದಿಲ್ಲ.

ಹತ್ತನೆಯ ತರಗತಿಯ ತನಕ ನಾವು ಒಂದೇ ಬೆಂಚಿನವರು. ಬಬಲೇಶ್ವರದ ಹೈಸ್ಕೂಲಿನಲ್ಲಿ ಹೊಸದಾಗಿ ಬಂದ ಮಾಸ್ತರರೊಬ್ಬರು ದಾಖಲೆ ನೋಡಿ “ಅವಳಿ ಏನ್ರಲೇ?” ಎಂದು ಕೇಳಿದ್ದರು. ಅವಳು ಎದ್ದು ನಿಂತು, “ಹೌದ್ರಿ ಸರ್, ನಾ ಎರಡ ವರ್ಷ ತಡಾ ಮಾಡಿ ಹೊರಗ ಬಂದೀನ್ರಿ” ಅಂದಿದ್ದಳು. ತರಗತಿಯೆಲ್ಲ ನಕ್ಕಿತು. ಅವಳಿಗೆ ನನಗಿಂತ ಒಳ್ಳೆಯ ಅಂಕ ಬರುತ್ತಿದ್ದವು ಎಂದು ನೆನಪು. ಅಂಕಪಟ್ಟಿ ತೆಗೆದು ನೋಡಿದೆ. ಗಣಿತ, ವಿಜ್ಞಾನ ಎರಡರಲ್ಲಿ ಹೌದು.

ಹತ್ತನೆಯದು ಮುಗಿದ ಎರಡು ವರ್ಷಕ್ಕೆ ಅವಳನ್ನು ತಿಕೋಟಾಕ್ಕೆ ಕೊಟ್ಟು ಮದುವೆ ಮಾಡಿದರು. ಅವಳಿಗೆ ಹದಿನಾರು. ಯಾರೋ ತಕರಾರು ಎತ್ತಿದಾಗ ಕಾಕಾ ಶಾಲೆಯ ದಾಖಲೆ ತೋರಿಸಿದ. ಅದರಲ್ಲಿ ಹದಿನೆಂಟು ತುಂಬಿತ್ತು. ಮಾಸ್ತರರು ಸೇರಿಸಿಕೊಟ್ಟ ಎರಡು ವರ್ಷ ಅವತ್ತು ಸರಿಯಾಗಿ ಕೆಲಸಕ್ಕೆ ಬಂದವು. ನಾನು ಆಗ ಪಿಯುಸಿ ಮುಗಿಸಿ ಧಾರವಾಡಕ್ಕೆ ಹೊರಡುವ ಗಡಿಬಿಡಿಯಲ್ಲಿದ್ದೆ. ಅಕ್ಷತೆ ಹಾಕಿದೆ, ಊಟ ಮಾಡಿದೆ.

ತಿಕೋಟಾದಲ್ಲಿ ಏಳೆಂಟು ವರ್ಷ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂತು ತೊಟ್ಟು ಬಿಡಿಸಿದಳು. ಮಕ್ಕಳಾಗಲಿಲ್ಲ. ಗಂಡನ ಮನೆಯವರು ಇನ್ನೊಂದು ಹೆಣ್ಣು ತಂದರು. ಇವಳು ತವರಿಗೆ ಬರದೆ ನೆಟ್ಟಗೆ ವಿಜಯಪುರಕ್ಕೆ ಬಂದು, ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಯಾ ಆಗಿ ಸೇರಿಕೊಂಡಳು. ಅದೇ ಊರಿನ ಇಬ್ರಾಹಿಂಪುರದಲ್ಲಿ ರೈಲು ಹಳಿಗೆ ಬೆನ್ನು ಮಾಡಿದ ಒಂದು ಕೋಣೆ ಹಿಡಿದಳು. ಗಾಡಿ ಹೋಗುವಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ಬಿಟ್ಟಲ್ಲಿಂದಲೇ ಹಿಡಿಯುವುದು ಅವಳಿಗೆ ರೂಢಿಯಾಗಿತ್ತು. ಎಷ್ಟು ಉದ್ದದ ಗೂಡ್ಸ್ ಗಾಡಿಯಾದರೂ ವಾಕ್ಯದ ಉಳಿದರ್ಧ ಮರೆಯುತ್ತಿರಲಿಲ್ಲ.

ಅವಳ ಬೆರಳಿನ ಕೆಲಸವನ್ನು ನಾನು ಕಣ್ಣಾರೆ ಕಂಡದ್ದು ಅಪ್ಪನಿಗೆ ವಾಂತಿಭೇದಿಯಾಗಿ ಅದೇ ಆಸ್ಪತ್ರೆಗೆ ಸೇರಿಸಿದಾಗ. ಮೈಯಲ್ಲಿನ ನೀರೆಲ್ಲ ಬತ್ತಿ ಸಲೈನ್ ಹಚ್ಚಲು ನರವೇ ಸಿಗುತ್ತಿರಲಿಲ್ಲ. ಇಬ್ಬರು ನರ್ಸುಗಳು ಐದಾರು ಸಲ ಚುಚ್ಚಿದರು. ಅಪ್ಪ ಬೈಯುವ ಶಕ್ತಿಯನ್ನೂ ಕಳೆದುಕೊಂಡಿದ್ದ. ಒಬ್ಬಳು ಆಚೀಚೆ ನೋಡಿ, ಪರದೆ ಎಳೆದು, ಮೆಲ್ಲಗೆ “ಆಯಾ, ಬಾ ಇಲ್ಲಿ” ಅಂದಳು.

ಅವಳು ಕೈ ತೊಳೆದುಕೊಂಡು ಬಂದಳು. ರಬ್ಬರ್ ಬೆರಳು ಕಳಚಿದಳು. ಕಣ್ಣು ಮುಚ್ಚಿ ಅಪ್ಪನ ಮೊಣಕೈ ಕೆಳಗೆ ಬೆರಳು ಆಡಿಸುತ್ತ, “ದೊಡ್ಡಪ್ಪಾ, ಉಸರ ಬಿಡ. ಹೆದರಿದವರ ನರ ಒಳಗ ಹೋಗಿ ಕುಂಡ್ರತೈತಿ. ನಾ ಕರದ್ರ ಬರತೈತಿ, ನೀ ಸುಮ್ನ ಇರ” ಅಂದಳು. ಒಂದೇ ಸಲಕ್ಕೆ ಸೂಜಿ ಕೂತಿತು. ಪಟ್ಟಿ ಅಂಟಿಸಿ ಬಕೆಟ್ಟು ಎತ್ತಿಕೊಂಡು ಹೋದಳು. ನರ್ಸು ಕೇಸ್ ಶೀಟಿನಲ್ಲಿ ತನ್ನ ಹೆಸರು ಬರೆದು ಸಹಿ ಹಾಕಿದಳು.

ಸಂಜೆ ನಾನು ಸಿಟ್ಟಿನಲ್ಲಿ ಏನೋ ಅಂದೆ. ಅವಳಿಗೆ ನಗು. “ಆಕಿ ಮೂರ ವರ್ಷ ಕಲತ ಬಂದಾಳ, ಸಹಿ ಮಾಡತಾಳ. ನಾ ಏನ ಕಲತೇನಿ? ಯಾರರೆ ಕೇಳಿದ್ರ ಆಯಾ ಸೂಜಿ ಹಾಕ್ಯಾಳ ಅಂತ ಇಬ್ಬರನ್ನೂ ಹೊರಗ ಹಾಕತಾರ.” ಆಮೇಲೆ ಕೇಳಿದಳು: “ಅಣ್ಣಾ, ನರ್ಸಿಂಗ್ ಸಾಲಿಗೆ ಹೋಗಬೇಕಂದ್ರ ಎಷ್ಟ ಓದಿರಬೇಕ?”

ಆಗ ಅವಳಿಗೆ ಮೂವತ್ತು ದಾಟಿತ್ತು. ಮೂರು ವರ್ಷದ ನರ್ಸಿಂಗ್ ಡಿಪ್ಲೊಮಾಕ್ಕೆ ಪಿಯುಸಿ ಆಗಿರಬೇಕು, ಇಂಗ್ಲಿಷಿನಲ್ಲಿ ಪಾಸಾಗಿರಬೇಕು, ವಯಸ್ಸು ಮೂವತ್ತೈದು ಮೀರಿರಬಾರದು. ಇದನ್ನೆಲ್ಲ ತಿಳಿದು ಹೇಳಿದವನು ನಾನೇ. ಖಾಸಗಿ ಅಭ್ಯರ್ಥಿಯಾಗಿ ಪಿಯುಸಿಗೆ ಕಟ್ಟಿದಳು. ಪ್ರತಿ ಭಾನುವಾರ ಮಧ್ಯಾಹ್ನ ನಾನು ಇಬ್ರಾಹಿಂಪುರಕ್ಕೆ ಹೋಗಿ ಇಂಗ್ಲಿಷ್ ಹೇಳಿಕೊಡುತ್ತಿದ್ದೆ. ಅವಳ ಇಂಗ್ಲಿಷೆಲ್ಲ ಔಷಧದ ಡಬ್ಬಿಗಳಿಂದ ಬಂದದ್ದು. ನೀರಿನ ಬಗ್ಗೆ ಐದು ವಾಕ್ಯ ಬರೆ ಅಂದೆ. ನಾಲ್ಕು ಹೇಗೋ ಬರೆದು, ಐದನೆಯದಾಗಿ ಒಂದೂ ತಪ್ಪಿಲ್ಲದ ಇಂಗ್ಲಿಷಿನಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ ಎಂದು ಬರೆದಿದ್ದಳು. ನಾನು ಪುಸ್ತಕ ತಿರುಗಿಸಿ ಒಗೆದೆ.

“ಯಾಕ, ನೀರಿಗೂ ಅದ ಸರಿ ಅಲ್ಲೇನ?” ಅಂದಳು. “ಮತ್ತ ಬಾವಿಗೆ ಕಟ್ಟಿ ಯಾಕ ಕಟ್ಟತಾರ?”

ಅದು ಸರಿಯೇ. ಆದರೆ ಆಗ ನಾನು ನಗಲಿಲ್ಲ. ವಿಶ್ವವಿದ್ಯಾಲಯದಿಂದ ಬಂದವನಿಗೆ ತನ್ನ ಶಿಷ್ಯೆ ಡಬ್ಬಿಯ ಭಾಷೆಯಲ್ಲಿ ಪರೀಕ್ಷೆ ಬರೆಯುತ್ತಾಳೆ ಎನ್ನುವುದೇ ಅವಮಾನವಾಗಿತ್ತು.

ಓದುವ ರೀತಿ ಅವಳದೇ. ನರ್ಸಿಂಗ್ ಓದುವ ಹುಡುಗಿಯರಿಂದ ಹಳೆಯ ಶರೀರಶಾಸ್ತ್ರದ ಪುಸ್ತಕ ಇಸಿದುಕೊಂಡಿದ್ದಳು. ಇನ್ನೂ ಸೀಟಿಲ್ಲ, ಆಗಲೇ ಎಲುಬುಗಳ ಹೆಸರು ಬಾಯಿಪಾಠ. ನೆಲ ಒರೆಸುತ್ತ ಒಂದು ಮಂಚಕ್ಕೆ ಒಂದು ಎಲುಬು ಹೇಳಿಕೊಳ್ಳುತ್ತಿದ್ದಳು. “ಹನ್ನೆರಡ ಮಂಚ ಮುಗಿಯೂದರಾಗ ಒಂದ ಕೈ ಮುಗೀತೈತಿ” ಎಂದು ಲೆಕ್ಕ ಕೊಡುತ್ತಿದ್ದಳು. ರಟ್ಟಿ, ಮೀನಖಂಡ, ಪಕ್ಕಿ ಎಂದು ರೋಗಿಗಳು ಮೈಯ ಭಾಗಗಳಿಗೆ ಹೇಳುವ ಮಾತಿನ ಪಕ್ಕದಲ್ಲಿ ಇಂಗ್ಲಿಷ್ ಹೆಸರು ಬರೆದ ಒಂದು ನೋಟ್‌ಬುಕ್ಕು ಇತ್ತು. ಹೊಸ ಡಾಕ್ಟರೊಬ್ಬರು ಅದನ್ನು ನೋಡಿ ನಕಲು ಮಾಡಿಸಿಕೊಂಡರು.

ಮೊದಲನೆಯ ಯತ್ನದಲ್ಲೇ ಪಾಸಾದಳು. ಇಂಗ್ಲಿಷಿನಲ್ಲಿ ಮೂವತ್ತೆಂಟು. ಪೇಡಾದ ಪೊಟ್ಟಣ ಹಿಡಿದುಕೊಂಡು ಬಸ್ಸು ಹತ್ತಿ ಬಬಲೇಶ್ವರಕ್ಕೆ ನನ್ನ ಕಾಲೇಜಿಗೇ ಬಂದಳು. ನರ್ಸಿಂಗ್ ಅರ್ಜಿಗೆ ಇನ್ನೂ ಹದಿನೈದು ದಿನ ಸಮಯವಿತ್ತು. ಇಲ್ಲಿಂದ ಮುಂದಿನದನ್ನು ನಾನು ನಿಧಾನವಾಗಿ ಬರೆಯಬೇಕು.

ನನ್ನ ನೆನಪಿನ ಪ್ರಕಾರ ನಾವು ಕಾಲೇಜಿನ ಗೇಟಿನ ಹೊರಗೆ ಚಹಾದಂಗಡಿಯ ಬೆಂಚಿನ ಮೇಲೆ ಕೂತಿದ್ದೆವು. ನಾನು ಅಂಕಗಳನ್ನು ನೋಡಿ ಹೇಳಿದೆ: “ಇಷ್ಟರಾಗ ಸರ್ಕಾರಿ ಸೀಟ ಸಿಗೂದಿಲ್ಲ. ಇಂಗ್ಲಿಷ್ ಇನ್ನೊಮ್ಮೆ ಬರಿ. ಮುಂದಿನ ವರ್ಷ ಹಾಕೋಣು. ನಿನಗೀಗ ಮೂವತ್ತೆರಡು, ಮೂವತ್ತೈದರ ತನಾ ಐತಿ. ಅವಸರ ಏನೈತಿ?” ಅವಳು, “ಈ ವರ್ಷನ ಹಾಕಿ ನೋಡಿದ್ರ?” ಅಂದಳು. ನಾನು, “ಹಾಕಿ ಬರದಿದ್ದರ ಮನಸ್ಸ ಮುರೀತೈತಿ” ಅಂದೆ. ಅವಳು ಪೇಡಾ ಕೊಟ್ಟು ಹೋದಳು.

ನಮ್ಮ ಮನೆಗಳಲ್ಲಿ ಯಾರ ವಯಸ್ಸನ್ನಾದರೂ ಹೇಳುವಾಗ ನಿಜದ ವಯಸ್ಸನ್ನೇ ಹೇಳುತ್ತೇವೆ. ಕಾಗದದ್ದು ಕಪಾಟಿನಲ್ಲಿರುತ್ತದೆ, ಬೇಕಾದಾಗ ತೆಗೆಯುತ್ತೇವೆ. ಅವಳು ನನಗಿಂತ ಎರಡು ವರ್ಷ ಚಿಕ್ಕವಳು, ನನಗೆ ಮೂವತ್ತನಾಲ್ಕು, ಆದ್ದರಿಂದ ಅವಳಿಗೆ ಮೂವತ್ತೆರಡು. ನಾನು ಮಾಡಿದ ಲೆಕ್ಕ ಇಷ್ಟೇ. ದಾಖಲೆಗಳಲ್ಲಿ ಬರೆದದ್ದನ್ನೆಲ್ಲ ನಂಬಬೇಡಿ ಎಂದು ಪ್ರತಿ ವರ್ಷ ಮಕ್ಕಳಿಗೆ ಪಾಠ ಮಾಡುವವನು ನಾನು. ನಾವು ನಂಬದಿದ್ದರೂ ದಾಖಲೆ ತನ್ನ ಕೆಲಸ ಮಾಡುತ್ತದೆ ಎನ್ನುವುದು ಹೊಳೆಯಲಿಲ್ಲ.

ಅವಳು ಇನ್ನೊಂದು ವರ್ಷ ಓದಿದಳು. ಇಂಗ್ಲಿಷಿನಲ್ಲಿ ಐವತ್ತೇಳು ಬಂತು. ಆ ಮಳೆಗಾಲ ನಾವಿಬ್ಬರೂ ವಿಜಯಪುರದ ಬಸ್ ನಿಲ್ದಾಣದ ಹತ್ತಿರ ಅರ್ಜಿ ತುಂಬಿಕೊಡುವ ಕಂಪ್ಯೂಟರ್ ಅಂಗಡಿಗೆ ಹೋದೆವು. ಅವಳು ಫೋಟೊಕ್ಕೆಂದು ತಲೆ ಬಾಚಿ ಹೊಸ ಸೀರೆ ಉಟ್ಟು ಬಂದಿದ್ದಳು. ಅಂಗಡಿಯವರು ಹೆಸರು ಒತ್ತಿದರು, ಜನ್ಮ ದಿನಾಂಕ ಒತ್ತಿದರು. ಪರದೆಯ ಮೇಲೆ ಕೆಂಪು ಸಾಲು ಬಂತು.

“ಅಕ್ಕಾರ, ಇದು ತಗೋವಲ್ದರಿ.”

“ಇನ್ನೊಮ್ಮೆ ಒತ್ರಿ.”

“ಹತ್ತ ಸಲ ಒತ್ತಿದ್ರೂ ಅಷ್ಟರಿ. ವಯಸ್ಸ ಮೀರೈತಿ ಅಂತೈತಿ. ಹ್ವಾದ ವರ್ಷ ಬಂದಿದ್ರ ತಗೋತಿತ್ತರಿ.”

“ನನಗ ಮೂವತ್ಮೂರ್ರಿ” ಅಂದಳು ಅವಳು.

ಅವರು ಅಂಕಪಟ್ಟಿಯನ್ನು ಅವಳ ಕಡೆಗೆ ತಿರುಗಿಸಿ ಬೆರಳು ಇಟ್ಟು ತೋರಿಸಿದರು. ಜೂನ್ ಒಂದು. ಕಾಗದದ ಪ್ರಕಾರ ಅವಳಿಗೆ ಮೂವತ್ತೈದು ತುಂಬಿ ತಿಂಗಳ ಮೇಲಾಗಿತ್ತು. ಹಿಂದೆ ಸಾಲಿನಲ್ಲಿ ನಿಂತವರು ಬೇಗ ಮಾಡ್ರಿ ಅನ್ನುತ್ತಿದ್ದರು. ವಾದ ಮಾಡಲು ಆ ನಿಯಮ ಮಾಡಿದ ಒಬ್ಬ ಮನುಷ್ಯನೂ ಎದುರಿಗೆ ಇರಲಿಲ್ಲ. ಮುಂದಿನ ಪುಟ ತೆರೆಯಲಿಲ್ಲ, ಅಷ್ಟೇ. ಅವಳು ನನ್ನ ಮುಖ ನೋಡಲಿಲ್ಲ. ಕಾಗದಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿಕೊಂಡಳು.

ಖಾಸಗಿ ಕಾಲೇಜುಗಳಿಗೂ ಅದೇ ನಿಯಮ. ವಿಚಾರಿಸಿದ ವಕೀಲರು, ಹದಿನೆಂಟು ತುಂಬಿದ ಮೂರು ವರ್ಷದೊಳಗೆ ಬಂದಿದ್ದರೆ ದಿನಾಂಕ ತಿದ್ದಿಸಲು ಏನಾದರೂ ಮಾಡಬಹುದಿತ್ತು ಅಂದರು. ಸಾಕ್ಷಿ ಏನಿದೆ ಎಂದು ಕೇಳಿದರು. ಕಾಕಿಯನ್ನು ಕೇಳಿದೆ. “ಯಳ್ಳ ಅಮಾಸಿ ಆಗಿ ಎಂಟ ದಿನಕ್ಕ ಹುಟ್ಯಾಳ” ಅಂದಳು. ಯಾವ ವರ್ಷ? “ನಿಮ್ಮಪ್ಪ ಕೆಂದ ಎತ್ತ ಮಾರಿದ ವರ್ಷ.” ಅಪ್ಪನಿಗೆ ತಾನು ಕೆಂದ ಎತ್ತು ಸಾಕಿದ್ದೇ ನೆನಪಿರಲಿಲ್ಲ.

ಆ ವಾರ ಕಾಕಾನ ಮನೆಯಲ್ಲಿ ಎಲ್ಲರೂ ಕೂತಿದ್ದಾಗ ಕಾಕಾ ನನಗೆ, “ಇಷ್ಟ ಓದಿದಾವ ನೀ, ಮೂವತ್ತೈದ ಎಣಸಾಕ ಬರಲಿಲ್ಲೇನೋ?” ಅಂದ. ನಾನು ಬಾಯಿ ತೆರೆಯುವ ಮೊದಲೇ ಅವಳು ಒಳಗಿನಿಂದ, “ಅಣ್ಣ ಏನ ಮಾಡ್ಯಾನ? ಅಂವ ಹಾಕ ಅಂದಿದ್ದ. ನಾನ ತಡದ್ನಿ, ಇಂಗ್ಲಿಷ್ ಚೊಲೊ ಬರ್ಲಿ ಅಂತ” ಅಂದಳು. ಹೇಳುವಾಗ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ನಾನು ತಿದ್ದಲಿಲ್ಲ. ಊಟ ಮಾಡಿ ಬಂದೆ.

ಆ ಸಂಕಟಕ್ಕೇ ಇರಬೇಕು, ಒಂದು ತಿಂಗಳಾದ ಮೇಲೆ ನಾನೇ ಅವಳ ಕೋಣೆಗೆ ಹೋಗಿ ಒಬ್ಬ ಏಜೆಂಟನ ವಿಷಯ ತಂದೆ. ಬೇರೆ ರಾಜ್ಯದ ಸರ್ಟಿಫಿಕೇಟು, ಹೋಗುವುದು ಬೇಡ, ಬರೆಯುವುದು ಬೇಡ, ವಯಸ್ಸು ಕೇಳುವುದಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. “ಅಣ್ಣಾ, ಸುಳ್ಳ ಕಾಗದದಾಗ ಹುಟ್ಟೀನಿ, ಸುಳ್ಳ ಕಾಗದದಾಗ ಲಗ್ನ ಆಗೀನಿ. ಸೂಜಿ ಹಿಡಿಯೂದರೆ ಖರೇ ಇರ್ಲಿ” ಅಂದಳು. ಗಾಡಿ ಬಂತು. ದಾಟಿ ಹೋಯಿತು. ಆ ಸಲ ಅವಳು ಮಾತು ಮುಂದುವರಿಸಲಿಲ್ಲ.

ಇನ್ನೂ ಒಂದು ಸಂಗತಿ ಆಮೇಲೆ ಅವಳ ಆಸ್ಪತ್ರೆಯ ವಾರ್ಡಿನಲ್ಲೇ ಗೊತ್ತಾಯಿತು. ನಾವು ಅರ್ಜಿ ಹಾಕದೆ ಬಿಟ್ಟ ವರ್ಷ ಅವಳಿಗಿಂತ ಕಡಿಮೆ ಅಂಕದ, ಅವಳದೇ ವರ್ಗದ ಒಬ್ಬ ಹುಡುಗಿಗೆ ಸರ್ಕಾರಿ ಸೀಟು ಸಿಕ್ಕಿತ್ತು. ಆ ಹುಡುಗಿ ಈಗ ನರ್ಸಾಗಿ ಅಲ್ಲೇ ಕೆಲಸಕ್ಕೆ ಬಂದಿದ್ದಾಳೆ. ನರ ಸಿಗದಿದ್ದರೆ ಪರದೆ ಎಳೆದು ಇವಳನ್ನು ಕರೆಯುತ್ತಾಳೆ.

ಆ ಕಂಪ್ಯೂಟರ್ ಅಂಗಡಿಗೆ ಹೋಗಿ ಈಗ ನಾಲ್ಕು ವರ್ಷ. ಅಷ್ಟರಲ್ಲಿ ಅವಳು ಹೇಳಿದ ಮಾತನ್ನು ಮನೆಯವರೆಲ್ಲ ನಂಬಿದ್ದಾರೆ. ಅವ್ವ ಅದನ್ನೂ ಒಂದು ಕಥೆ ಮಾಡಿಕೊಂಡು ಹೇಳುತ್ತಾಳೆ: ಅಣ್ಣ ಹಾಕು ಹಾಕು ಅಂದ, ಈಕಿ ಹಟ ಮಾಡಿದಳು. ಕೇಳಿ ಕೇಳಿ ಈಚೆಗೆ ನನಗೂ ಆ ಚಹಾದಂಗಡಿಯಲ್ಲಿ “ಹಾಕಿ ನೋಡೂಣು” ಅಂದವನು ನಾನೇ ಇರಬಹುದೇ ಅನ್ನಿಸಲು ಶುರುವಾಯಿತು. ನನ್ನ ಧ್ವನಿಯಲ್ಲೇ ಆ ಮಾತು ಕೇಳಿಸುತ್ತದೆ. ಹಸಿರು ಚೌಕಟ್ಟೂ ಹೀಗೆಯೇ ಸ್ಪಷ್ಟವಾಗಿ ಕಾಣುತ್ತಿತ್ತು. ಆ ದಿನ ಬೆಂಚಿನ ಮೇಲೆ ಇದ್ದವರು ನಾವಿಬ್ಬರೇ. ನಿಜ ಗೊತ್ತಿರುವ ಇನ್ನೊಬ್ಬಳು ಅವಳು.

ಹೋದ ಚಳಿಗಾಲ ಆಸ್ಪತ್ರೆಗೆ ಹೋದೆ. ಬೆಳಗಿನ ಪಾಳಿ ಮುಗಿಯುವ ಹೊತ್ತು. ಹಿಂದಿನ ಮೆಟ್ಟಿಲ ಮೇಲೆ ಕೂತು ಅವಲಕ್ಕಿ ತಿನ್ನುತ್ತಿದ್ದಳು. ನನಗೂ ಒಂದು ಮುಷ್ಟಿ ಕೊಟ್ಟಳು.

“ಎಲ್ಲಾರ ಮುಂದ ನೀ ಯಾಕ ಹಂಗ ಹೇಳಿದಿ?” ಅಂದೆ. “ಒಂದ ವರ್ಷ ತಡಿ ಅಂದಾವ ನಾ ಅಲ್ಲೇನ?”

“ನಿನಗ ಹಂಗ ನೆನಪೈತೇನ?”

“ಹಂಗ ಅನಸತೈತಿ. ಖಾತ್ರಿ ಇಲ್ಲ. ಅದಕ್ಕ ಕೇಳಾಕ ಬಂದೀನಿ. ನೀನ ಹೇಳ, ಯಾರು ಅಂದ್ರು?”

ಅವಳು ಅವಲಕ್ಕಿಯ ಕಾಗದ ಮಡಚಿದಳು.

“ನಾ ‘ಹೌದು, ನೀನ ಅಂದಿ’ ಅಂತೀನಿ ಅಂತ ತಿಳಿ. ನೀ ‘ತಪ್ಪಾತವಾ’ ಅಂತಿ. ನಾ ‘ಹೋಗ್ಲಿ ಬಿಡಣ್ಣಾ’ ಅನ್ನಬೇಕಾಗತೈತಿ. ನೀ ಹಗರ ಆಗಿ ಬಸ್ ಹತ್ತತಿ.” ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ, ರೋಗಿಯ ಮನೆಯವರಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. “ನಾ ಹೇಳಂಗಿಲ್ಲ ಅಣ್ಣಾ. ಎಲ್ಲಾ ನಿನಗ ಕೊಟ್ಟೇನಿ. ಇದೊಂದ ನನಗ ಇರ್ಲಿ.”

ಮೇಲಿನಿಂದ ಯಾರೋ “ಆಯಾ” ಎಂದು ಕೂಗಿದರು. ಬಂದೆನ್ರಿ ಅಂದಳು. ಸೀರೆಯ ಮೇಲೆ ಬಿದ್ದ ಅವಲಕ್ಕಿ ಕಾಳು ಜಾಡಿಸಿಕೊಂಡು ಮೆಟ್ಟಿಲು ಹತ್ತಿದಳು.

ಇದರಲ್ಲಿ ನಾನು ಬರೆದ ಎಷ್ಟೋ ಮಾತುಗಳಿಗೆ ನಾನು ಆಣೆ ಮಾಡಲಾರೆ. ಅವಳು ನನ್ನನ್ನು ಕ್ಷಮಿಸಿಲ್ಲ ಎನ್ನುವುದೊಂದು ಮಾತ್ರ ನನಗೆ ಖಚಿತವಾಗಿ ಗೊತ್ತು.